ಬ್ಲ್ಯಾಕ್ ಸ್ಪಾಟ್ ಸರಿಪಡಿಸಿದ್ದಕ್ಕೇ ಅಪಘಾತ ಅರ್ಧಕ್ಕಿಳಿಯಿತೇ? ಲೆಕ್ಕ ಕೈಕೊಡುವ ಜಾಗಗಳು

ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಹಿಂದಿನ ಮೂರು ವರ್ಷ ಸೇರಿ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು ದಾಖಲಾಗಿದ್ದರೆ, ಇಲ್ಲವೇ ಒಟ್ಟು 10 ಮಂದಿ ಸತ್ತಿದ್ದರೆ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ಅದು ಬ್ಲ್ಯಾಕ್ ಸ್ಪಾಟ್. ಪಟ್ಟಿ ತಯಾರಾಗುತ್ತದೆ, ಅನುದಾನ ಬರುತ್ತದೆ. ರಂಬಲ್ ಸ್ಟ್ರಿಪ್ (ರಸ್ತೆಗೆ ಅಡ್ಡಲಾಗಿ ಹಾಕುವ ಉಬ್ಬು ಗೆರೆ), ಕ್ಯಾಟ್ ಐ (ರಾತ್ರಿ ಹೊಳೆಯುವ ಬಿಲ್ಲೆ), ಎಚ್ಚರಿಕೆ ಫಲಕ ಹಾಕುತ್ತಾರೆ, ಡಿವೈಡರ್‌ನಲ್ಲಿದ್ದ ಗ್ಯಾಪ್ ಮುಚ್ಚುತ್ತಾರೆ. ಮೂರು ವರ್ಷ ಕಳೆದ ಮೇಲೆ ಹಿಂದಿನ ಸಂಖ್ಯೆ, ಈಗಿನ ಸಂಖ್ಯೆ ಪಕ್ಕಪಕ್ಕ ಇಟ್ಟು ಶೇಕಡಾವಾರು ಇಳಿಕೆ ಲೆಕ್ಕ ಹಾಕುತ್ತಾರೆ. ಇಳಿಕೆ ಅರ್ಧದಷ್ಟು ಇದೆ ಎಂದಾದರೆ ಅದೇ ಪರಿಹಾರ ಮುಂದಿನ ಜಾಗಗಳಿಗೂ ಮಂಜೂರು.

ಈ ವಿಧಾನದಲ್ಲಿ ಏನೂ ಮಾಡದ ರಸ್ತೆಯೂ ಪಾಸಾಗುತ್ತದೆ. ಅದು ಹೇಗೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು.

ಒಂದೇ ತರಹದ 1,000 ರಸ್ತೆ ಭಾಗಗಳಿವೆ ಎಂದುಕೊಳ್ಳಿ. ಎಲ್ಲವುಗಳ ನಿಜವಾದ ಅಪಾಯ ಒಂದೇ: ದೀರ್ಘಾವಧಿಯಲ್ಲಿ ನೋಡಿದರೆ ಮೂರು ವರ್ಷಕ್ಕೆ ಸರಾಸರಿ 3 ಗಂಭೀರ ಅಪಘಾತ. ಸರಾಸರಿ 3 ಎಂದರೆ ಪ್ರತಿಯೊಂದರಲ್ಲೂ ಮೂರೇ ಆಗುತ್ತದೆ ಎಂದಲ್ಲ. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ 6. ಪಾಯ್ಸಾನ್ ವಿತರಣೆಯ (ಅಪರೂಪದ ಘಟನೆಗಳು ಆಕಸ್ಮಿಕವಾಗಿ ಹೇಗೆ ಹಂಚಿಹೋಗುತ್ತವೆ ಎಂಬ ಲೆಕ್ಕ) ಪ್ರಕಾರ ಇವುಗಳಲ್ಲಿ ಸುಮಾರು 185 ಭಾಗಗಳು ಬರೀ ಆಕಸ್ಮಿಕವಾಗಿ 5 ಅಥವಾ ಹೆಚ್ಚು ಅಪಘಾತ ಕಂಡು ಬ್ಲ್ಯಾಕ್ ಸ್ಪಾಟ್ ಪಟ್ಟಿಗೆ ಸೇರುತ್ತವೆ. ಹಾಗೆ ಸೇರಿದವುಗಳ ಸರಾಸರಿ 5.7. ಅವುಗಳ ನಿಜವಾದ ಅಪಾಯ ಬದಲಾಗಿಲ್ಲ, ಆದ್ದರಿಂದ ಮುಂದಿನ ಮೂರು ವರ್ಷದ ಸರಾಸರಿ ಮತ್ತೆ 3ಕ್ಕೇ ಬರುತ್ತದೆ. 5.7ರಿಂದ 3ಕ್ಕೆ ಅಂದರೆ ಶೇ. 48ರ ಇಳಿಕೆ, ಒಂದು ಡಬ್ಬಿ ಬಣ್ಣವನ್ನೂ ಖರ್ಚು ಮಾಡದೆ.

ಪಟ್ಟಿಗೆ ಸೇರದ ಉಳಿದ 815 ಭಾಗಗಳನ್ನೂ ನೋಡಿ. ಅವುಗಳ ಹಿಂದಿನ ಸರಾಸರಿ ಸುಮಾರು 2.4. ಮುಂದಿನ ಮೂರು ವರ್ಷದಲ್ಲಿ ಅವೂ 3ಕ್ಕೆ ಮರಳುತ್ತವೆ, ಅಂದರೆ ಶೇ. 26ರಷ್ಟು ಏರಿಕೆ. ಈಗ ಯಾರಾದರೂ "ರಿಪೇರಿ ಮಾಡದ ಅಕ್ಕಪಕ್ಕದ ಜಾಗಗಳಲ್ಲಿ ಅಪಘಾತ ಹೆಚ್ಚಾಗಿದೆ, ರಿಪೇರಿ ಮಾಡಿದಲ್ಲಿ ಕಡಿಮೆಯಾಗಿದೆ, ಇನ್ನೇನು ಸಾಕ್ಷಿ ಬೇಕು?" ಎಂದು ಕೇಳಿದರೆ ಮೇಲ್ನೋಟಕ್ಕೆ ಒಪ್ಪುವ ಮಾತೇ. ಹೋಲಿಕೆ ಗುಂಪು ಇಟ್ಟುಕೊಂಡಿದ್ದೇವೆ ಎಂಬ ಸಮಾಧಾನವೂ ಅಲ್ಲಿರುತ್ತದೆ. ಆದರೆ ಪಟ್ಟಿಗೆ ಸೇರದ ಜಾಗಗಳನ್ನು ಹೋಲಿಕೆಗೆ ತೆಗೆದುಕೊಂಡರೆ ತಪ್ಪು ಕಡಿಮೆಯಾಗುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ. 1984ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಬಾಯ್ಲ್ ಮತ್ತು ರೈಟ್ ಬ್ಲ್ಯಾಕ್ ಸ್ಪಾಟ್ ಸರಿಪಡಿಸಿದರೆ ಅಪಘಾತಗಳು ಪಕ್ಕದ ರಸ್ತೆಗೆ ವಲಸೆ ಹೋಗುತ್ತವೆ ಎಂದು ವಾದಿಸಿದಾಗ ಎದ್ದ ಮುಖ್ಯ ಆಕ್ಷೇಪ ಇದೇ: ಪಕ್ಕದ ಜಾಗಗಳ ಏರಿಕೆ ಸರಾಸರಿಗೆ ಮರಳುವಿಕೆಯೂ ಆಗಿರಬಹುದಲ್ಲ?

ಹೀಗೆ ಸರಾಸರಿಗೆ ಮರಳುವುದನ್ನೇ ರಿಗ್ರೆಷನ್ ಟು ದ ಮೀನ್ ಎನ್ನುತ್ತಾರೆ. ಕೆಟ್ಟ ವರ್ಷ ನೋಡಿ ಜಾಗ ಆರಿಸಿದಲ್ಲೆಲ್ಲ ಇದು ಇದ್ದೇ ಇರುತ್ತದೆ. ಮೂರು ವರ್ಷದ ದತ್ತಾಂಶದ ಬದಲು ಒಂದೇ ವರ್ಷದ್ದು ನೋಡಿ ಆರಿಸಿದರೆ ಇನ್ನೂ ಜೋರು. ನಿಜವಾದ ರಸ್ತೆಗಳ ಅಪಾಯ ಒಂದೇ ಸಮ ಇರುವುದಿಲ್ಲ, ಕೆಲವು ಜಾಗಗಳು ನಿಜಕ್ಕೂ ಅಪಾಯಕಾರಿ. ಹಾಗಾಗಿ ವಾಸ್ತವದಲ್ಲಿ ಇದರ ಪಾಲು ಮೇಲಿನ ಲೆಕ್ಕಕ್ಕಿಂತ ಕಡಿಮೆ ಇರಬಹುದು, ಆದರೆ ಸೊನ್ನೆಯಂತೂ ಅಲ್ಲ.

ಇದು ಬರೀ ಕಾಗದದ ಮೇಲಿನ ಭಯವಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1955ರಲ್ಲಿ 324 ಮಂದಿ ರಸ್ತೆಯಲ್ಲಿ ಸತ್ತರು. ಆ ವರ್ಷದ ಕೊನೆಗೆ ಗವರ್ನರ್ ಅಬ್ರಹಾಂ ರಿಬಿಕಾಫ್ ಅತಿವೇಗದ ಚಾಲಕರ ಲೈಸೆನ್ಸ್ ಅಮಾನತು ಮಾಡುವ ಬಿಗಿ ಕ್ರಮ ತಂದರು. 1956ರಲ್ಲಿ ಸಾವು 284ಕ್ಕೆ ಇಳಿಯಿತು. 40 ಜೀವ ಉಳಿಯಿತು, ಶೇ. 12.3 ಇಳಿಕೆ, ಕ್ರಮ ಸಾರ್ಥಕ ಎಂದು ಗವರ್ನರ್ ಘೋಷಿಸಿದರು. 1968ರಲ್ಲಿ ಸಂಶೋಧಕರಾದ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಲಾರೆನ್ಸ್ ರಾಸ್ ಅದೇ ಅಂಕಿಯನ್ನು ಹಿಂದಿನ ಮುಂದಿನ ವರ್ಷಗಳ ಸಾಲಿನಲ್ಲಿಟ್ಟು, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್‌ಗಳ ಜತೆ ಹೋಲಿಸಿದರು. 1955 ಅಸಾಮಾನ್ಯವಾಗಿ ಕೆಟ್ಟ ವರ್ಷವಾಗಿತ್ತು, ಅದು ಕೆಟ್ಟದ್ದಾಗಿದ್ದರಿಂದಲೇ ಕ್ರಮ ಜಾರಿಗೆ ಬಂದಿತ್ತು. ಅವರು ಇನ್ನೊಂದನ್ನೂ ಗಮನಿಸಿದರು: ಲೈಸೆನ್ಸ್ ಅಮಾನತಾದ ಮೇಲೂ ಗಾಡಿ ಓಡಿಸಿ ಸಿಕ್ಕಿಬೀಳುವವರು ಹೆಚ್ಚಾದರು, ಕೋರ್ಟುಗಳಲ್ಲಿ ನಿರ್ದೋಷಿ ಎಂಬ ತೀರ್ಪುಗಳೂ ಹೆಚ್ಚಾದವು. ಶಿಕ್ಷೆ ಕಠಿಣವಾದಾಗ ವ್ಯವಸ್ಥೆಯೇ ಅದನ್ನು ತುಸು ಸಡಿಲಿಸಿಕೊಳ್ಳುತ್ತದೆ. ದಂಡದ ಮೊತ್ತ ಏರಿಸುವ ಯಾರೂ ಈ ಎರಡು ಅಂಕಿಗಳನ್ನು ಎಣಿಸದೆ ಬಿಡಬಾರದು.

ಬ್ರಿಟನ್ನಿನ ಸ್ಪೀಡ್ ಕ್ಯಾಮೆರಾ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಸ್ಥಿರ ಕ್ಯಾಮೆರಾ ಹಾಕಲು ಮೂರು ವರ್ಷದಲ್ಲಿ ಕಿಲೋಮೀಟರಿಗೆ ಕನಿಷ್ಠ 4 ಸಾವು ಅಥವಾ ತೀವ್ರ ಗಾಯದ ಅಪಘಾತ ಆಗಿರಬೇಕೆಂಬ ನಿಯಮವಿತ್ತು. ನಮ್ಮ ಬ್ಲ್ಯಾಕ್ ಸ್ಪಾಟ್ ನಿಯಮದ ದಾಯಾದಿ. 2005ರ ಡಿಸೆಂಬರ್‌ನಲ್ಲಿ ಬಂದ ನಾಲ್ಕು ವರ್ಷದ ಮೌಲ್ಯಮಾಪನ ವರದಿ ಕ್ಯಾಮೆರಾ ಇರುವ ಜಾಗಗಳಲ್ಲಿ ಸಾವು ಮತ್ತು ತೀವ್ರ ಗಾಯ ಶೇ. 42 ಇಳಿದಿದೆ ಎಂದಿತು. ಅದೇ ವರದಿಯ ಅನುಬಂಧದಲ್ಲಿ ನಗರದ ಕೆಲವು ನೂರು ಜಾಗಗಳನ್ನು ಸರಿಯಾದ ವಿಧಾನದಲ್ಲಿ ಬಿಡಿಸಿ ನೋಡಿದ್ದರು: ಗಂಭೀರ ಅಪಘಾತಗಳ ಇಳಿಕೆಯ ಬಹುಪಾಲು ಸರಾಸರಿಗೆ ಮರಳಿದ್ದರಿಂದ ಬಂದದ್ದು, ಕ್ಯಾಮೆರಾದ ಸ್ವಂತ ಪಾಲು ಅದಕ್ಕಿಂತ ಬಹಳ ಕಡಿಮೆ. ಆದರೂ ಪಾಲಿತ್ತು. ಕ್ಯಾಮೆರಾ ವಿರೋಧಿಗಳು ಈ ಅನುಬಂಧ ಹಿಡಿದು ಕ್ಯಾಮೆರಾ ದಂಡ ವಸೂಲಿಗೆ ಮಾತ್ರ ಎಂದು ಸಾರಿದರು. ಉಬ್ಬಿಸಿದ ಅಂಕಿ ಒಳ್ಳೆಯ ಕ್ರಮಕ್ಕೆ ಮಾಡುವ ಹಾನಿ ಇಂಥದು. ಕ್ಯಾಮೆರಾದ ಆ ಸಣ್ಣ ಪಾಲನ್ನಷ್ಟೇ ಪ್ರಾಮಾಣಿಕವಾಗಿ ಹೇಳಿದ್ದರೆ ಅದು ನಿಲ್ಲುತ್ತಿತ್ತು. ಶೇ. 42 ಎಂದು ಹೇಳಿ ಕುಸಿದಾಗ ಆ ಸಣ್ಣ ಪಾಲನ್ನೂ ಯಾರೂ ನಂಬುವುದಿಲ್ಲ.

ಸರಿಪಡಿಸುವ ಲೆಕ್ಕ

ಟೊರಾಂಟೊ ವಿಶ್ವವಿದ್ಯಾಲಯದ ಎಜ್ರಾ ಹಾವರ್ ಈ ಕ್ಷೇತ್ರದಲ್ಲಿ ಬಳಕೆಗೆ ತಂದ ಎಂಪಿರಿಕಲ್ ಬೇಯ್ಸ್ ವಿಧಾನ ಜಾಗದ ಸ್ವಂತ ದಾಖಲೆಯನ್ನೂ ಅಂಥದೇ ಜಾಗಗಳ ಸರಾಸರಿಯನ್ನೂ ಬೆರೆಸಿ ನಿಜವಾದ ಅಪಾಯ ಅಂದಾಜಿಸುತ್ತದೆ, ಅದಕ್ಕೆ ದೊಡ್ಡ ಗಣಿತ ಬೇಡ. ಕೆಳಗಿನ ಅಂಕಿಗಳೆಲ್ಲ ಉದಾಹರಣೆಗೆ ಕಟ್ಟಿದವು, ಕ್ಯಾಲ್ಕುಲೇಟರ್ ಹಿಡಿದು ಜತೆಯಲ್ಲೇ ಮಾಡಿ.

ಮೊದಲು ಸಮಾನ ಸ್ವರೂಪದ ಜಾಗಗಳ ಗುಂಪು ಬೇಕು. ನೀವು ಸರಿಪಡಿಸಿದ್ದು ನಾಲ್ಕು ಪಥದ ಹೆದ್ದಾರಿಗೆ ಹಳ್ಳಿ ರಸ್ತೆ ಬಂದು ಸೇರುವ ಮೂರು ದಾರಿ ಜಂಕ್ಷನ್ ಆಗಿದ್ದರೆ, ಅಂಥ ಎಲ್ಲ ಜಂಕ್ಷನ್‌ಗಳನ್ನೂ ಪಟ್ಟಿ ಮಾಡಿ. ಅಪಘಾತ ನೋಡಿ ಆರಿಸಬೇಡಿ, ರಸ್ತೆಯ ಸ್ವರೂಪ ನೋಡಿ ಆರಿಸಿ. ಇಲ್ಲೇ ಬಹಳ ಜನ ಎಡವುತ್ತಾರೆ: ಪೊಲೀಸ್ ದಾಖಲೆಯಿಂದ ಪಟ್ಟಿ ಎತ್ತಿದರೆ ಅಪಘಾತವೇ ಆಗದ ಜಂಕ್ಷನ್‌ಗಳು ಅದರಲ್ಲಿ ಇರುವುದೇ ಇಲ್ಲ. ಸೊನ್ನೆಗಳನ್ನು ಬಿಟ್ಟರೆ ಸರಾಸರಿ ಮೇಲೇರಿ ತಿದ್ದುಪಡಿ ಕಡಿಮೆಯಾಗುತ್ತದೆ. ನಕ್ಷೆಯಿಂದ ಜಂಕ್ಷನ್ ಎಣಿಸಿ, ಆಮೇಲೆ ಪ್ರತಿಯೊಂದಕ್ಕೂ ಅಪಘಾತ ಹುಡುಕಿ.

ಆ ಗುಂಪಿನ ಮೂರು ವರ್ಷದ ಸರಾಸರಿ 4, ವೇರಿಯನ್ಸ್ (ಜಾಗಗಳ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 8 ಬಂತು ಎನ್ನಿ. ಸರಾಸರಿಯನ್ನು ವೇರಿಯನ್ಸ್‌ನಿಂದ ಭಾಗಿಸಿ: 0.5. ಇದು ಗುಂಪಿನ ಸರಾಸರಿಗೆ ಕೊಡಬೇಕಾದ ತೂಕ. ಉಳಿದ 0.5 ಆ ಜಾಗದ ಸ್ವಂತ ದಾಖಲೆಗೆ. ನಿಮ್ಮ ಜಂಕ್ಷನ್‌ನಲ್ಲಿ ಹಿಂದಿನ ಮೂರು ವರ್ಷ 12 ಅಪಘಾತ ಆಗಿದ್ದರೆ, ಅದರ ನಿಜವಾದ ಅಪಾಯದ ಅಂದಾಜು 0.5 ಸಲ 4 ಕೂಡು 0.5 ಸಲ 12, ಅಂದರೆ 8. ವೇರಿಯನ್ಸ್ ಸರಾಸರಿಯಷ್ಟೇ ಇದ್ದರೆ ತೂಕ 1 ಆಗುತ್ತದೆ. ಹಾಗಾದರೆ ಜಾಗಗಳ ನಡುವಿನ ವ್ಯತ್ಯಾಸವೆಲ್ಲ ಆಕಸ್ಮಿಕ, ನಮ್ಮ ಮೊದಲಿನ 1,000 ರಸ್ತೆ ಭಾಗಗಳ ಹಾಗೆ.

ಮುಂದಿನದು ಕಾಲದ ಪರಿಣಾಮ. ಏನೂ ಕೆಲಸ ನಡೆಯದ ಇಡೀ ಗುಂಪಿನಲ್ಲಿ ಅದೇ ಅವಧಿಯಲ್ಲಿ ಅಪಘಾತ ಶೇ. 10 ಇಳಿದಿದ್ದರೆ 8ನ್ನು 0.9ರಿಂದ ಗುಣಿಸಿ: 7.2. ಕೆಲಸ ಮಾಡದಿದ್ದರೆ ಇಷ್ಟು ಅಪಘಾತ ನಿರೀಕ್ಷಿತ. ನಂತರದ ಮೂರು ವರ್ಷದಲ್ಲಿ ಆದದ್ದು 7. ಸಾಮಾನ್ಯ ವರದಿಯಲ್ಲಿ 12ರಿಂದ 7ಕ್ಕೆ, ಶೇ. 42 ಇಳಿಕೆ ಎಂದು ಬರುತ್ತಿತ್ತು. ಸರಿಯಾದ ಹೋಲಿಕೆ 7.2ಕ್ಕೂ 7ಕ್ಕೂ ನಡುವಿನದು. 7.2 ಎಂಬ ಅಂದಾಜಿಗೇ ಸುಮಾರು 1.8ರ ಅನಿಶ್ಚಿತತೆ ಇದೆ, 7 ಎಂಬ ಎಣಿಕೆಗೆ ಸುಮಾರು 2.6. ಹಾಗಾಗಿ ಈ ಒಂದು ಜಂಕ್ಷನ್‌ನಿಂದ ಪರಿಹಾರ ಫಲಿಸಿತೋ ಇಲ್ಲವೋ ಎಂದು ಯಾವ ಕಡೆಗೂ ಹೇಳಲಾಗದು.

ಅಂಥ 20 ಜಂಕ್ಷನ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಹಿಂದೆ 240 ಅಪಘಾತ, ನಂತರ 112. ನೇರ ಲೆಕ್ಕದಲ್ಲಿ ಶೇ. 53 ಇಳಿಕೆ. ತಿದ್ದಿದ ನಿರೀಕ್ಷೆ 144. ಆಗ ಇಳಿಕೆ ಶೇ. 22ರ ಆಸುಪಾಸು, ನಿಜವಾದ ಇಳಿಕೆ ಇರಬಹುದಾದ ಶೇ. 95 ವಿಶ್ವಾಸದ ವ್ಯಾಪ್ತಿ ಸುಮಾರು ಶೇ. 6ರಿಂದ ಶೇ. 39. ಪರಿಹಾರ ಕೆಲಸ ಮಾಡಿದೆ. 53 ಅಲ್ಲ, 22. ಈ ವ್ಯತ್ಯಾಸ ಅಂಕಿಪ್ರಿಯರ ಹಟವಲ್ಲ. ಒಂದು ಜಂಕ್ಷನ್‌ಗೆ ಇಷ್ಟು ಲಕ್ಷ ಖರ್ಚು ಮಾಡಿ ಇಷ್ಟು ಜೀವ ಉಳಿಸಬಹುದು ಎಂಬ ಲೆಕ್ಕದಿಂದಲೇ ಮುಂದಿನ ಹಣ ರಂಬಲ್ ಸ್ಟ್ರಿಪ್‌ಗೆ ಹೋಗಬೇಕೋ, ಪಾದಚಾರಿ ಮೇಲ್ಸೇತುವೆಗೋ, ಬೀದಿ ದೀಪಕ್ಕೋ ಎಂಬುದು ತೀರ್ಮಾನವಾಗುತ್ತದೆ. ಎರಡೂವರೆ ಪಟ್ಟು ಉಬ್ಬಿದ ಅಂಕಿ ಹಣವನ್ನು ತಪ್ಪು ಜಾಗಕ್ಕೆ ಎಳೆಯುತ್ತದೆ, ಸರಿಯಾದ ಜಾಗದಲ್ಲಿ ಜನ ಸಾಯುತ್ತಲೇ ಇರುತ್ತಾರೆ.

ಜಾಗಗಳ ವಾಹನ ಸಂಖ್ಯೆ, ಉದ್ದ ಬೇರೆ ಬೇರೆ ಇದ್ದರೆ ಬರೀ ಸರಾಸರಿ ಸಾಲದು. ವಾಹನ ಸಂಖ್ಯೆಯನ್ನು ಸೇರಿಸಿ ನೆಗೆಟಿವ್ ಬೈನಾಮಿಯಲ್ ಮಾದರಿ (ಪಾಯ್ಸಾನ್ ವಿತರಣೆಗಿಂತ ಹೆಚ್ಚು ಚದುರಿದ ಎಣಿಕೆಗಳಿಗೆ ಬಳಸುವಂಥದು) ಹೊಂದಿಸಬೇಕು, ಸಂಖ್ಯಾಶಾಸ್ತ್ರದ ಆರ್ ತಂತ್ರಾಂಶದ ಮಾಸ್ ಪ್ಯಾಕೇಜ್ ಸಾಕು. ಆಗ ತೂಕದ ಸೂತ್ರಕ್ಕೆ ಓವರ್‌ಡಿಸ್ಪರ್ಷನ್, ಅಂದರೆ ಆಕಸ್ಮಿಕಕ್ಕಿಂತ ಹೆಚ್ಚಿನ ಚದುರುವಿಕೆಯ ಅಳತೆ, ಬೇಕು: 1ನ್ನು, 1 ಕೂಡು ಓವರ್‌ಡಿಸ್ಪರ್ಷನ್ ಸಲ ನಿರೀಕ್ಷಿತ ಅಪಘಾತ ಎಂಬುದರಿಂದ ಭಾಗಿಸಿ. ಇಲ್ಲೊಂದು ಗುಂಡಿ ಇದೆ. ಆರ್ ಕೊಡುವ ಥೀಟಾ ಈ ಓವರ್‌ಡಿಸ್ಪರ್ಷನ್‌ನ ವಿಲೋಮ. ಮೇಲಿನ ಉದಾಹರಣೆಯಲ್ಲಿ ಓವರ್‌ಡಿಸ್ಪರ್ಷನ್ 0.25, ಥೀಟಾ 4. ಗೊತ್ತಿಲ್ಲದೆ 4ನ್ನೇ ಸೂತ್ರಕ್ಕೆ ಹಾಕಿದರೆ ತೂಕ 0.5ರ ಬದಲು 0.06 ಆಗಿ, ಅಂದಾಜು 8ರ ಬದಲು 11.5 ಬರುತ್ತದೆ. ತಿದ್ದುಪಡಿ ಮಾಡಿದ್ದೇವೆ ಎಂದು ವರದಿಯಲ್ಲಿ ಬರೆದಿರುತ್ತದೆ, ತಿದ್ದುಪಡಿ ಮಾತ್ರ ಆಗಿರುವುದಿಲ್ಲ. ತೂಕ 0.1ಕ್ಕಿಂತ ಕಡಿಮೆ ಕಂಡರೆ ಮೊದಲು ಇದನ್ನೇ ನೋಡಿ.

ಸಾಬೀತಾಗಲಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ

ಇಷ್ಟು ಹೊತ್ತು ಹೇಳಿದ್ದು ಇಲ್ಲದ ಫಲ ಕಾಣುವ ತಪ್ಪು. ಇರುವ ಹಾನಿ ಕಾಣದಿರುವ ತಪ್ಪು ಇದಕ್ಕಿಂತ ಕ್ರೂರ.

1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಇಂಧನ ಉಳಿಸಲೆಂದು ಅಮೆರಿಕದ ರಾಜ್ಯಗಳು ಕೆಂಪು ದೀಪವಿದ್ದರೂ ಬಲಕ್ಕೆ ತಿರುಗಲು ಅವಕಾಶ ಕೊಡತೊಡಗಿದವು. ನಾವು ಎಡಬದಿಯಲ್ಲಿ ಓಡಿಸುವವರಾದ್ದರಿಂದ ನಮ್ಮಲ್ಲಿ ಅದರ ಸಮಾನ ಫ್ರೀ ಲೆಫ್ಟ್. ವರ್ಜೀನಿಯಾ ರಾಜ್ಯದಲ್ಲಿ 20 ಜಂಕ್ಷನ್‌ಗಳನ್ನು ಪರೀಕ್ಷಿಸಿದರು. ಮೊದಲು 308 ಅಪಘಾತ, ನಿಯಮ ಬಂದ ಮೇಲೆ ಅಷ್ಟೇ ಅವಧಿಯಲ್ಲಿ 337. ಈ ಏರಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ್ದಲ್ಲ, ಅಂದರೆ ಆಕಸ್ಮಿಕವೂ ಆಗಿರಬಹುದು ಎಂದು ಪರೀಕ್ಷೆ ಹೇಳಿತು, ವರದಿ ಅದನ್ನು ಅಪಾಯವಿಲ್ಲ ಎಂದು ಓದಿತು. ಬೇರೆ ಬೇರೆ ಕಡೆಯ ಇಂಥ ಸಣ್ಣ ಅಧ್ಯಯನಗಳೂ ಒಂದೊಂದಾಗಿ ಅದೇ ತೀರ್ಮಾನಕ್ಕೆ ಬಂದವು. ವರ್ಷಗಳ ನಂತರ ದೊಡ್ಡ ದತ್ತಾಂಶ ಕೂಡಿದಾಗ ಕಂಡದ್ದು: ಇಂಥ ತಿರುವಿನಲ್ಲಿ ಗಾಡಿಗೆ ಸಿಕ್ಕ ಪಾದಚಾರಿಗಳು ಸುಮಾರು ಶೇ. 60 ಹೆಚ್ಚು, ಸೈಕಲ್ ಸವಾರರು ಸುಮಾರು ದುಪ್ಪಟ್ಟು. ಅಷ್ಟು ಹೊತ್ತಿಗೆ ನಿಯಮ ದೇಶದ ತುಂಬ ಬೇರೂರಿತ್ತು. 2004ರಲ್ಲಿ ಹಾವರ್ ಮಹತ್ವ ಪರೀಕ್ಷೆಗಳು ಮಾಡುವ ಹಾನಿಯ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡರು.

ಎಷ್ಟು ಅಪಘಾತ ಇದ್ದರೆ ಸಾಕು? ಹಿಂದಿನ ಮತ್ತು ನಂತರದ ಅವಧಿ ಸಮವಾಗಿದ್ದು, ನಿಜವಾದ ಶೇ. 20 ಇಳಿಕೆಯನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕಾದರೆ ಹಿಂದಿನ ಅವಧಿಯಲ್ಲಿ ಸುಮಾರು 350 ಅಪಘಾತ ಬೇಕು. ಶೇ. 50 ಇಳಿಕೆ ಹಿಡಿಯಲು ಸುಮಾರು 50 ಸಾಕು. ಒಂದು ಜಂಕ್ಷನ್‌ನಲ್ಲಿ ಮೂರು ವರ್ಷಕ್ಕೆ 4 ಅಪಘಾತ ಆಗುತ್ತಿದ್ದರೆ 350 ಎಂದರೆ ಎಂಬತ್ತಕ್ಕೂ ಹೆಚ್ಚು ಜಂಕ್ಷನ್. ಒಂದು ತಾಲ್ಲೂಕಿನಲ್ಲಿ ಇದು ಸಿಗುವುದಿಲ್ಲ, ರಾಜ್ಯ ಮಟ್ಟದಲ್ಲಿ ಕೂಡಿಸಬೇಕು. ಸಾವುಗಳನ್ನಷ್ಟೇ ಎಣಿಸುವ ಪದ್ಧತಿ ಇನ್ನೂ ಕಷ್ಟ ತರುತ್ತದೆ, ಸಂಖ್ಯೆ ಅಷ್ಟು ಸಣ್ಣದು. ವರದಿಯಲ್ಲಿ ಮಹತ್ವದ್ದು, ಮಹತ್ವದ್ದಲ್ಲ ಎಂಬ ಪದಗಳ ಬದಲು ಶೇಕಡಾ ಇಳಿಕೆ ಮತ್ತು ಅದರ ವ್ಯಾಪ್ತಿ ಬರೆಯಿರಿ. ಶೇ. 30 ಇಳಿಕೆಯಿಂದ ಶೇ. 45 ಏರಿಕೆಯವರೆಗೆ ಎಂದು ಕಣ್ಣಿಗೆ ಬಿದ್ದರೆ ಯಾರೂ ಪರಿಣಾಮವಿಲ್ಲ ಎಂದು ಓದಲಾರರು.

ನಮ್ಮ ದಾಖಲೆಗಳ ಒಳಗಿನ ಬಲೆಗಳು

ವಿಧಾನ ಸರಿ ಇದ್ದರೂ ಎಣಿಕೆಯೇ ಬದಲಾದರೆ ಏನು ಮಾಡುವುದು? 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅಲ್ಲಿಯವರೆಗೆ ಅಜಾಗರೂಕ ಚಾಲನೆಗೆ ಐಪಿಸಿ 279, ಗಾಯಕ್ಕೆ 337 ಮತ್ತು 338, ಸಾವಿಗೆ 304ಎ ಹಾಕುತ್ತಿದ್ದರು. ಈಗ 281, 125 ಮತ್ತು 106. ಹಳೆಯ ಸೆಕ್ಷನ್ ಸಂಖ್ಯೆಗಳಿಂದ ಎಫ್‌ಐಆರ್ ಹುಡುಕುವ ಸ್ಪ್ರೆಡ್‌ಶೀಟ್ ಅಥವಾ ಪ್ರೋಗ್ರಾಂ ಬದಲಾಗದೆ ಉಳಿದಿದ್ದರೆ 2024ರ ಮಧ್ಯದಿಂದ ಅಪಘಾತ ಧಡಾರನೆ ಬಿದ್ದಂತೆ ಕಾಣುತ್ತದೆ. ಆ ತಿಂಗಳ ಆಸುಪಾಸಿನಲ್ಲಿ ಆರಂಭವಾದ ಯಾವ ಕ್ರಮದ ವರದಿಯನ್ನೂ ಓದುವ ಮೊದಲು ಸೆಕ್ಷನ್ ಪಟ್ಟಿ ಕೇಳಿ. ಅಪಘಾತ ದಾಖಲಿಸುವ ಐರಾಡ್ ವ್ಯವಸ್ಥೆ ಮೊದಲ ಹಂತದಲ್ಲಿ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊಬೈಲ್‌ನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ ಸಿಗುವುದು ಬಹಳ ಒಳ್ಳೆಯದು, ಆದರೆ ಅದರ ಹಿಂದಿನ ದಾಖಲೆಗಳಲ್ಲಿ ಸ್ಥಳ ಎಂದರೆ ಇಂಥ ಊರಿನ ಗೇಟಿನ ಹತ್ತಿರ ಎಂದಷ್ಟೇ. ಹಳೆಯದನ್ನು 500 ಮೀಟರ್ ಭಾಗಕ್ಕೆ ಧಾರಾಳವಾಗಿ ಸೇರಿಸಿ, ಹೊಸದನ್ನು ಕಟ್ಟುನಿಟ್ಟಾಗಿ ಅಳೆದರೆ ಇಳಿಕೆ ಸೃಷ್ಟಿಯಾಗುತ್ತದೆ. ಹಳೆಯ ಪ್ರಕರಣಗಳ ಸ್ಥಳ ಮಹಜರು ಮತ್ತು ಕೈನಕ್ಷೆ ತೆಗೆಸಿ, ಎರಡೂ ಅವಧಿಗೆ ಒಬ್ಬರೇ ವ್ಯಕ್ತಿ ಒಂದೇ ನಿಯಮದಲ್ಲಿ ಸ್ಥಳ ಗುರುತಿಸಬೇಕು. ಯಾವುದು ಹಿಂದಿನದು, ಯಾವುದು ನಂತರದ್ದು ಎಂಬುದು ಆ ವ್ಯಕ್ತಿಗೆ ಗೊತ್ತಿರದಿದ್ದರೆ ಇನ್ನೂ ಉತ್ತಮ.

ಸಾವಿನ ಎಣಿಕೆಗೆ ಅಪಘಾತವಾಗಿ 30 ದಿನದೊಳಗಿನ ಸಾವು ಎಂಬುದು ಅಂತರರಾಷ್ಟ್ರೀಯ ರೂಢಿ. ಜಿಲ್ಲೆಯಲ್ಲಿ ಗಾಯಗೊಂಡು ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದವರು ಹತ್ತು ದಿನದ ಮೇಲೆ ತೀರಿಕೊಂಡರೆ ಮೂಲ ಠಾಣೆಯ ಪ್ರಕರಣದಲ್ಲಿ ಸೆಕ್ಷನ್ ಬದಲಾಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಇತ್ತೀಚಿನ ಎರಡು ಮೂರು ತಿಂಗಳ ಅಂಕಿ ಯಾವಾಗಲೂ ಕಡಿಮೆ ತೋರುವ ಸಾಧ್ಯತೆ ಇದೆ. ನಂತರದ ಅವಧಿಯನ್ನು ಇಂದಿನವರೆಗೆ ಎಳೆಯಬೇಡಿ, ಮೂರು ತಿಂಗಳ ಹಿಂದಕ್ಕೆ ನಿಲ್ಲಿಸಿ.

ಗಾಯಗಳ ಅಂಕಿಯ ಮೇಲಂತೂ ಬಹಳ ಎಚ್ಚರ ಬೇಕು. 2022ರಲ್ಲಿ ದೇಶದಲ್ಲಿ ದಾಖಲಾದ ಸಾವು 1,68,491, ಗಾಯಾಳುಗಳು 4,43,366. ಒಂದು ಸಾವಿಗೆ ಮೂವರು ಗಾಯಾಳುಗಳೂ ಇಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಸಾವು 1,711, ಒಟ್ಟು ಬಾಧಿತರು ಸುಮಾರು 1,35,000. ನಮ್ಮ ಅಪಘಾತಗಳು ಹೆಚ್ಚು ಮಾರಕ ಎಂಬುದು ಇದರ ಒಂದು ಭಾಗ ಮಾತ್ರ. ಸ್ಥಳದಲ್ಲೇ ರಾಜಿಯಾಗಿ ಠಾಣೆಗೆ ಬಾರದ ಗಾಯಗಳು ದೊಡ್ಡ ಭಾಗ. ವಿಮೆ ಪರಿಹಾರಕ್ಕೆ ಎಫ್‌ಐಆರ್ ಬೇಕೆಂಬ ಅರಿವು ಹೆಚ್ಚಿದರೆ, ಹೊಸ ಸಂಚಾರ ಠಾಣೆ ತೆರೆದರೆ, ರಸ್ತೆ ಸುಧಾರಿಸಿದ್ದರೂ ದಾಖಲಾದ ಗಾಯ ಏರಬಹುದು. 108 ಆಂಬುಲೆನ್ಸ್ ಕರೆಗಳು ಮತ್ತು ಆಸ್ಪತ್ರೆಯ ತುರ್ತು ವಿಭಾಗದ ರಿಜಿಸ್ಟರ್ ಜತೆ ತಾಳೆ ನೋಡದೆ ಗಾಯದ ಶೇಕಡಾವಾರು ಪ್ರಕಟಿಸುವುದು ಸರಿಯಲ್ಲ.

ಒಟ್ಟೊಟ್ಟಿಗೆ ನಡೆದ ಬದಲಾವಣೆಗಳು

ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಹೆಚ್ಚಿನ ದಂಡ 2019ರ ಸೆಪ್ಟೆಂಬರ್ 1ರಿಂದ ಬಂತು. ಅದೇ ತಿಂಗಳು ಕರ್ನಾಟಕ ಹಲವು ದಂಡಗಳನ್ನು ಇಳಿಸಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಆಗ ಪ್ರಕಟವಾದ ಲೆಕ್ಕದಂತೆ ದೇಶದ ಸಾವು 2019ರಲ್ಲಿ 1,51,113 ಇದ್ದದ್ದು 2020ರಲ್ಲಿ 1,31,714ಕ್ಕೆ ಇಳಿಯಿತು. ಇದರಲ್ಲಿ ದಂಡದ ಪಾಲು ಬೇರ್ಪಡಿಸಲು ವಾರ್ಷಿಕ ಅಂಕಿಯಿಂದ ಸಾಧ್ಯವೇ ಇಲ್ಲ. ಅಪಘಾತ ಸುಮಾರು ಶೇ. 18 ಇಳಿದರೆ ಸಾವು ಇಳಿದದ್ದು ಶೇ. 13 ಮಾತ್ರ, ಅಂದರೆ ಆದ ಅಪಘಾತಗಳು ಹೆಚ್ಚು ಮಾರಕವಾದವು. ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿದ್ದು ಒಂದು ಕಾರಣವಿರಬಹುದು.

ಬೆಂಗಳೂರು–ಮೈಸೂರು ಹೆದ್ದಾರಿ ಇದರ ಚಿಕ್ಕ ರೂಪ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ, ಮೊದಲ ತಿಂಗಳುಗಳಲ್ಲಿ ಸಾವುಗಳ ಸುದ್ದಿ, ಅದರಿಂದ ಎದ್ದ ಒತ್ತಡ. ಆಮೇಲೆ ಗಂಟೆಗೆ 100 ಕಿಲೋಮೀಟರ್ ಮಿತಿಯ ತಪಾಸಣೆ, ಕ್ಯಾಮೆರಾ, ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ನಿಷೇಧ. ಸಾವು ಇಳಿದದ್ದು ಸಂತೋಷದ ವಿಷಯ. ಆದರೆ ಕ್ಯಾಮೆರಾದಿಂದ ಎಷ್ಟು, ನಿಷೇಧದಿಂದ ಎಷ್ಟು ಎಂದು ಹೇಳಬೇಕಾದರೆ ಕೆಲಸವಿದೆ. ಬೈಕುಗಳು ಮಾಯವಾಗಲಿಲ್ಲ, ಸರ್ವಿಸ್ ರಸ್ತೆಗೆ ಇಳಿದವು. ಹಾಗಾಗಿ ಮುಖ್ಯ ಪಥ, ಸರ್ವಿಸ್ ರಸ್ತೆ ಎರಡನ್ನೂ ಸೇರಿಸಿ ಎಣಿಸಬೇಕು. ಕ್ಯಾಮೆರಾದ ಫಲ ಬೇಕೆಂದರೆ ನಿಷೇಧಕ್ಕೊಳಪಡದ ಕಾರು, ಬಸ್ಸು, ಲಾರಿಗಳ ಅಪಘಾತಗಳನ್ನು ಮಾತ್ರ, ತಿಂಗಳು ತಿಂಗಳಾಗಿ, ಬೇರೆ ಕ್ರಮ ಜಾರಿಯಾಗದ ನಾಲ್ಕು ಪಥ ಹೆದ್ದಾರಿಯ ಜತೆಗೆ ನೋಡಬೇಕು. ಹೊಸ ರಸ್ತೆಯ ಆರಂಭದ ತಿಂಗಳುಗಳನ್ನು ಹಿಂದಿನ ಅವಧಿಯಾಗಿ ಬಳಸಬಾರದು. ಚಾಲಕರಿಗೆ ರಸ್ತೆ ಹೊಸದು, ಎಲ್ಲರ ಕಣ್ಣು ಬಿದ್ದದ್ದು ಅತಿ ಕೆಟ್ಟ ತಿಂಗಳುಗಳ ಮೇಲೆ.

ಹೊಸತನದ ಪರಿಣಾಮ ಉಲ್ಟಾ ದಿಕ್ಕಿನಲ್ಲೂ ಇರುತ್ತದೆ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಸಂಚಾರ ಬದಲಿಸಿದಾಗ ಗಾಬರಿಯಿಂದ ಎಲ್ಲರೂ ಎಚ್ಚರವಾಗಿ ಓಡಿಸಿ ಅಪಘಾತ ಇಳಿಯಿತು, ಎರಡು ವರ್ಷದೊಳಗೆ ಹಳೆಯ ಮಟ್ಟಕ್ಕೆ ಮರಳಿತು. ಕ್ರಮ ಜಾರಿಯಾದ ಮೂರು ತಿಂಗಳಿಗೆ ಹೊರಡುವ ಯಶಸ್ಸಿನ ಪ್ರಕಟಣೆಗಳನ್ನು ಈ ಕಾರಣಕ್ಕೆ ಪಕ್ಕಕ್ಕಿಡಿ.

ಮಾಸಿಕ ಸರಣಿಯಲ್ಲಿ ಕೈ ಪಳಗಿಸಿಕೊಳ್ಳಲು ಬಯಸುವವರಿಗೆ ಆರ್ ಜತೆಗೇ ಬರುವ ಸೀಟ್‌ಬೆಲ್ಟ್ಸ್ ಎಂಬ ದತ್ತಾಂಶ ಇದೆ: ಬ್ರಿಟನ್ನಿನ 1969ರಿಂದ 1984ರವರೆಗಿನ 192 ತಿಂಗಳು. ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾದದ್ದು 1983ರ ಜನವರಿ 31ಕ್ಕೆ. ಸಂಖ್ಯಾಶಾಸ್ತ್ರಜ್ಞರಾದ ಹಾರ್ವೆ ಮತ್ತು ಡರ್ಬಿನ್ 1986ರಲ್ಲಿ ಋತುಮಾನ, ಪೆಟ್ರೋಲ್ ಬೆಲೆ, ಓಡಿದ ದೂರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಕಾರು ಚಾಲಕರ ಸಾವು ಮತ್ತು ತೀವ್ರ ಗಾಯದಲ್ಲಿ ಶೇ. 23ರ ಇಳಿಕೆ ಕಂಡರು. ಹಿಂದಿನ ಸೀಟಿನವರ ಕಾಲಂ ಕೂಡ ಅದರಲ್ಲಿದೆ. ಕಾನೂನು ಅವರಿಗೆ ಅನ್ವಯಿಸಿರಲಿಲ್ಲ, ಅದೇ ರಸ್ತೆ, ಅದೇ ಮಳೆ, ಅದೇ ಕಾರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಗುಂಪು ಅಪರೂಪ.

ಛೇದದ, ಅಂದರೆ ಯಾವುದರಿಂದ ಭಾಗಿಸುತ್ತೇವೆ ಎಂಬುದರ, ವಿಷಯದಲ್ಲಿ ಚಿಕ್ಕದಾಗಿ ಎರಡು ಮಾತು. 10,000 ನೋಂದಾಯಿತ ವಾಹನಗಳಿಗೆ ಎಷ್ಟು ಸಾವು ಎಂಬ ದರ ವಾಹನ ಹೆಚ್ಚಿದಂತೆ ತಾನಾಗಿಯೇ ಇಳಿಯುತ್ತದೆ ಎಂದು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಸ್ಮೀಡ್ 1949ರಲ್ಲೇ ತೋರಿಸಿದ್ದರು. ಗುಜರಿಗೆ ಹೋದ ಗಾಡಿಗಳೂ ನಮ್ಮ ನೋಂದಣಿ ಲೆಕ್ಕದಲ್ಲಿ ಉಳಿದಿರುವುದರಿಂದ ಆ ದರ ಇನ್ನೂ ಚೆಂದ ಕಾಣುತ್ತದೆ. ಎರಡನೆಯದು, 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಎಂಬ ಅಂಕಿಯಿಂದ ಹೆಲ್ಮೆಟ್‌ನ ಫಲ ಅಳೆಯಲಾಗದು, ಸಾಯದೆ ಓಡಾಡುತ್ತಿರುವವರಲ್ಲಿ ಎಷ್ಟು ಜನ ಧರಿಸಿದ್ದರು ಎಂಬ ರಸ್ತೆಬದಿ ಎಣಿಕೆ ಪಕ್ಕದಲ್ಲಿ ಇರದ ಹೊರತು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂಬುದು ಬೇರೆ ದಾರಿಯಿಂದ ಗಟ್ಟಿಯಾಗಿದೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಸಾವಿನ ಅಪಾಯ ಶೇ. 42, ತಲೆಗೆ ಪೆಟ್ಟಿನ ಅಪಾಯ ಶೇ. 69 ಕಡಿಮೆ. ಅತಿವೇಗದಿಂದ ಶೇ. 70ರ ಆಸುಪಾಸು ಸಾವು ಎಂಬ ಪ್ರತಿ ವರ್ಷದ ಅಂಕಿಗೂ ಇದೇ ಮಾತು. ಅದು ತನಿಖಾಧಿಕಾರಿ ತುಂಬಿದ ಕಾಲಂ, ಅಳೆದ ವೇಗವಲ್ಲ.

ವೇಗವನ್ನು ನಿಜಕ್ಕೂ ಅಳೆಯಬಹುದು, ಅದಕ್ಕೆ ಮೂರು ವರ್ಷ ಕಾಯಬೇಕಿಲ್ಲ. ವೇಗ ಇಳಿಸುವ ಉದ್ದೇಶದ ಯಾವ ಕಾಮಗಾರಿಗೂ ಮೊದಲು ಮತ್ತು ನಂತರ ಅದೇ ಜಾಗ, ಅದೇ ವಾರ, ಅದೇ ಹೊತ್ತಿನಲ್ಲಿ, ಒಣ ರಸ್ತೆಯಲ್ಲಿ ಕನಿಷ್ಠ 200 ವಾಹನಗಳ ವೇಗ ಅಳೆಯಿರಿ. ಮುಂದಿನ ಗಾಡಿಗಿಂತ ನಾಲ್ಕೈದು ಸೆಕೆಂಡ್ ಅಂತರವಿರುವ ಗಾಡಿಗಳನ್ನು ಮಾತ್ರ ತೆಗೆದುಕೊಳ್ಳಿ, ಸಾಲಿನಲ್ಲಿ ಸಿಕ್ಕಿಕೊಂಡವರ ವೇಗ ಅವರದ್ದಲ್ಲ. ಬೈಕ್, ಕಾರು, ಲಾರಿ ಬೇರೆ ಬೇರೆ ಬರೆಯಿರಿ. ರಾಡಾರ್ ಗನ್ ಹಿಡಿದ ಸಮವಸ್ತ್ರದವರು ಕಂಡರೆ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಆದ್ದರಿಂದ ಅಳೆಯುವವರು ಕಾಣಬಾರದು. ಕ್ಯಾಮೆರಾ ಅಥವಾ ಹಂಪ್ ಇರುವಲ್ಲಷ್ಟೇ ಅಳೆದರೆ ಸಾಲದು, ಆಚೀಚೆ 500 ಮೀಟರ್ ಮತ್ತು ಒಂದು ಕಿಲೋಮೀಟರ್ ದೂರದಲ್ಲೂ ಅಳೆಯಿರಿ, ಕ್ಯಾಮೆರಾ ದಾಟಿದೊಡನೆ ಆಕ್ಸಿಲರೇಟರ್ ತುಳಿಯುವವರು ಬಹಳ. ಸ್ವೀಡನ್ನಿನ ಸಂಶೋಧಕ ನಿಲ್ಸನ್ ಅವರ ಮಾದರಿಯಂತೆ ಸರಾಸರಿ ವೇಗ ಶೇ. 1 ಇಳಿದರೆ ಮಾರಕ ಅಪಘಾತ ಸುಮಾರು ಶೇ. 4 ಇಳಿಯುತ್ತದೆ. ಗಂಟೆಗೆ 80 ಇದ್ದ ಸರಾಸರಿ 76ಕ್ಕೆ ಇಳಿದಿದ್ದರೆ ಸುಮಾರು ಶೇ. 19 ಇಳಿಕೆಯ ನಿರೀಕ್ಷೆ. ವೇಗ ಇಳಿಯದೆಯೇ ಅಪಘಾತ ಅರ್ಧವಾಗಿದೆ ಎಂದು ವರದಿ ಹೇಳಿದರೆ ಅನುಮಾನಿಸಲು ಅಷ್ಟು ಸಾಕು.

ಕೊನೆಗೆ ಯೋಜನೆ ಮಾಡುವವರಿಗೆ ಒಂದು ನೇರ ದಾರಿ. ಅನುದಾನ ಯಾವತ್ತೂ ಪಟ್ಟಿಯಷ್ಟು ಇರುವುದಿಲ್ಲ. 60 ಜಂಕ್ಷನ್ ಪಟ್ಟಿಯಲ್ಲಿದ್ದು ಈ ವರ್ಷ 30ಕ್ಕೆ ಮಾತ್ರ ಹಣ ಇದ್ದರೆ, ಅತಿ ತುರ್ತಿನ ಕೆಲವನ್ನು ಮೊದಲೇ ತೆಗೆದಿಟ್ಟು, ಉಳಿದವುಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ, ಎತ್ತಿದ ಕ್ರಮವನ್ನು ಕಡತದಲ್ಲಿ ದಾಖಲಿಸಿ. ಎರಡನೇ ಸರದಿಯವು ಕೂಡ ಅದೇ ಕೆಟ್ಟ ವರ್ಷಗಳಿಂದ ಆಯ್ಕೆಯಾದವು, ಅವೂ ತಮ್ಮಷ್ಟಕ್ಕೆ ಸರಾಸರಿಗೆ ಮರಳುತ್ತವೆ, ಹಾಗಾಗಿ ಎರಡು ಗುಂಪಿನ ನಡುವೆ ಉಳಿಯುವ ವ್ಯತ್ಯಾಸ ಬಹುಮಟ್ಟಿಗೆ ಕಾಮಗಾರಿಯದ್ದೇ. ಅವುಗಳಿಗೂ ಕೆಲಸ ಆಗುತ್ತದೆ, ಒಂದೆರಡು ವರ್ಷ ತಡವಾಗಿ, ಹೇಗಿದ್ದರೂ ಆಗುತ್ತಿದ್ದಷ್ಟೇ ತಡವಾಗಿ. ಚೀಟಿ ಎತ್ತುವ ಮೊದಲೇ ಎರಡೂ ಗುಂಪಿನ ಎಲ್ಲ ಜಂಕ್ಷನ್‌ಗಳಲ್ಲಿ ವೇಗ ಮತ್ತು ವಾಹನ ಎಣಿಕೆ ಮುಗಿಸಿರಬೇಕು. ಕಾಮಗಾರಿ ಶುರುವಾದ ಮೇಲೆ ಹಿಂದಿನ ಅಳತೆ ಮತ್ತೆ ಸಿಗುವುದಿಲ್ಲ.